ನಲವತ್ತು ಗಡಿಯಾರ, ಒಂದು ಮೈಕು

ಗಡಿಯಾರ ರಿಪೇರಿಯವರ ಸಂಘದ ಜಂಟಿ ಕಾರ್ಯದರ್ಶಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಒಂದ್ನಿಮಿಷ’ ಎಂದು. ಅಂಗಡಿಗೆ ಯಾರೇ ಬರಲಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ, ತಲೆಯನ್ನೂ ಎತ್ತದೆ “ಒಂದ್ನಿಮಿಷ” ಅನ್ನುವುದು, ಆಮೇಲೆ ಅವರನ್ನು ಅರ್ಧ ಗಂಟೆ ಕೂರಿಸುವುದು ಅವನ ಪದ್ಧತಿ. ಐವತ್ತೆಂಟಾದರೂ ಬದಲಾಗಲಿಲ್ಲ. ಕೆಲಸದಲ್ಲಿ ಮಾತ್ರ ಅವನ ಕೈ ಪಳಗಿದ್ದು, ಅದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು. ಅವನಂತೂ ಎಲ್ಲರಿಗಿಂತ ಮೊದಲೇ ಒಪ್ಪಿದ್ದ.

ಸಂಘಕ್ಕೆ ಒಂದು ಪಾಡ್‌ಕಾಸ್ಟ್ ಬೇಕು ಅಂತ ಸಭೆಯಲ್ಲಿ ಎತ್ತಿದ್ದು ಅಧ್ಯಕ್ಷರು. ಕೈಗೆ ಗಡಿಯಾರ ಕಟ್ಟುವವರೇ ಇಲ್ಲ, ಕೆಲಸ ಕಲಿಯುವವರು ಮೊದಲೇ ಇಲ್ಲ. ಇರುವ ನಾಲ್ಕು ಮುದುಕರ ಅನುಭವವನ್ನಾದರೂ ಜನರ ಕಿವಿಗೆ ಹಾಕೋಣ ಅಂತ ಅವರ ಆಸೆ. ಸ್ವತಃ ಅಧ್ಯಕ್ಷರ ಎಡಗಿವಿ ಮಂದ, ಬಲಗಿವಿಯೂ ಅದೇ ದಾರಿ ಹಿಡಿದಿತ್ತು, ಅದು ಬೇರೆ ಮಾತು. “ಸಾಮಾನು ಯಾರು ನೋಡ್ತೀರಪ್ಪ?” ಅಂದಾಗ ಒಂದ್ನಿಮಿಷ ಕೈ ಎತ್ತಿದ. ಸುದ್ದಿ ಮೊದಲೇ ಕಿವಿಗೆ ಬಿದ್ದಿದ್ದರಿಂದ ಮೂರು ದಿನ ಫೋನಿನಲ್ಲಿ ಮೈಕುಗಳ ಬಗ್ಗೆ ಓದಿದ್ದ. ಅಷ್ಟು ಸಾಕಿತ್ತು ಅವನಿಗೆ.

ಮೈಕಿನ ಅಂಗಡಿಯಲ್ಲಿದ್ದದ್ದು ಮೂವತ್ತರ ಆಸುಪಾಸಿನ ಹೆಂಗಸು. ಮಾರುವ ಆತುರ ಅವಳಿಗಿರಲಿಲ್ಲ. ಎರಡು ಮೈಕು ತಂದು ಮುಂದಿಟ್ಟಳು.

“ಇದು ಡೈನಮಿಕ್ ಸರ್. ಬಾಯಿ ಹತ್ತಿರ ಇಟ್ಕೊಂಡು ಮಾತಾಡಬೇಕು. ಮುಂದಿರೋದನ್ನ ಕೇಳುತ್ತೆ, ಹಿಂದೆ ಏನು ನಡೆದ್ರೂ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲ್ಲ. ಇನ್ನೊಂದು ಕಂಡೆನ್ಸರ್. ತುಂಬಾ ಸೂಕ್ಷ್ಮ, ಉಸಿರನ್ನೂ ಬಿಡಲ್ಲ. ನಿಮ್ಮ ರೂಮು ಹೇಗಿದೆ?”

“ದೊಡ್ಡದೇನಲ್ಲ. ಒಂದು ಮೇಜು, ಎಂಟು ಕುರ್ಚಿ, ಒಂದು ಬೀರು.”

“ಅದಲ್ಲ ಸರ್, ಸದ್ದು ಹೇಗೆ? ಫ್ಯಾನು, ರಸ್ತೆ, ಅಕ್ಕಪಕ್ಕ?”

“ಫ್ಯಾನು ಆರಿಸ್ತೀವಿ. ರಸ್ತೆ ದೂರ. ನಮ್ಮ ರೂಮಲ್ಲಿ ಸೂಜಿ ಬಿದ್ರೂ ಕೇಳುತ್ತಮ್ಮ, ಅಷ್ಟು ಸದ್ದಿಲ್ಲ.”

ಅವನು ಸುಳ್ಳು ಹೇಳಲಿಲ್ಲ. ಆ ಕೋಣೆಯ ಗೋಡೆಗಳ ಮೇಲೆ ನಲವತ್ತು ಗಡಿಯಾರಗಳಿದ್ದವು, ನಲವತ್ತೂ ನಡೆಯುತ್ತಿದ್ದವು. ಆದರೆ ನಲವತ್ತು ವರ್ಷದಿಂದ ಟಿಕ್ ಟಿಕ್ ನಡುವೆಯೇ ಉಂಡು ಎದ್ದವನಿಗೆ ಅದು ಸದ್ದಲ್ಲ. ಗಡಿಯಾರ ನಿಂತರೆ ಮಾತ್ರ ಅವನ ಕಿವಿ ನಿಮಿರುತ್ತಿತ್ತು. ಅವನೊಬ್ಬನೇ ಅಲ್ಲ, ಹಿಂದಿನ ದಿನ ಸಭೆಯಲ್ಲಿ ಒಂಬತ್ತು ಜನ ಕೂತು ‘ನಮ್ಮ ರೂಮು ನಿಶ್ಶಬ್ದವಾಗಿದೆ, ಅದೇ ಸಾಕು’ ಅಂತ ಒಮ್ಮತದಿಂದ ತೀರ್ಮಾನಿಸಿದ್ದರು. ಇಂಥ ತಪ್ಪು ಮಾಡಲು ಜಗತ್ತಿನಲ್ಲಿ ಗಡಿಯಾರದವರಿಂದ ಮಾತ್ರ ಸಾಧ್ಯ.

“ಹೊಸಬರಿಗೆ ನಾನು ಡೈನಮಿಕ್ಕೇ ಹೇಳೋದು,” ಅಂದಳು ಅವಳು.

“ಸೂಕ್ಷ್ಮದ ಕೆಲಸದವರಮ್ಮ ನಾವು. ಸೂಕ್ಷ್ಮದ್ದೇ ಕೊಡು.”

“ನಿಮ್ಮಿಷ್ಟ ಸರ್. ಸರಿಹೋಗದಿದ್ರೆ ಏಳು ದಿನದೊಳಗೆ ತನ್ನಿ, ಬದಲಾಯಿಸಿಕೊಡ್ತೀನಿ.”

ಆ ಏಳು ದಿನದ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೈಕು, ಅದರ ಸ್ಟ್ಯಾಂಡು, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಡಬ್ಬಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಎಲ್ಲ ಹೊತ್ತು ಮದುವೆ ಗಂಡಿನ ಗತ್ತಿನಲ್ಲಿ ಸಂಘಕ್ಕೆ ಬಂದ. ಅದು ಗುರುವಾರ. ಅಧ್ಯಕ್ಷರು ಮೈಕನ್ನು ತಿರುಗಿಸಿ ತಿರುಗಿಸಿ ನೋಡಿ, “ಮುಂದಿನ ಗುರುವಾರವೇ ಮೊದಲನೇ ಕಂತು. ಮೊದಲು ಮಾತಾಡೋದು ಅಮ್ಮ,” ಅಂದುಬಿಟ್ಟರು.

ಅಮ್ಮ ಅಂದರೆ ಒಂದ್ನಿಮಿಷನ ಗುರುಗಳ ಹೆಂಡತಿ. ಹದಿನೇಳನೇ ವಯಸ್ಸಿನಲ್ಲಿ ಕೆಲಸ ಕಲಿಯಲು ಬಂದವನಿಗೆ ಹನ್ನೊಂದು ವರ್ಷ ಮಧ್ಯಾಹ್ನದ ಊಟ ಹಾಕಿದ ಕೈ ಅವರದು. ಗುರುಗಳು ಹೋಗಿ ಒಂಬತ್ತು ವರ್ಷವಾಗಿತ್ತು. ಸಂಘದಲ್ಲಿ ಒಂದು ನಿಯಮ: ಸದಸ್ಯನೊಬ್ಬ ತೀರಿಕೊಂಡರೆ ಅವನ ಮನೆಯಲ್ಲಿದ್ದ ಗಡಿಯಾರ ತಂದು ಈ ಗೋಡೆಗೆ ಹಾಕಬೇಕು, ಹಾಕಿದ ಮೇಲೆ ಅದು ನಿಲ್ಲಬಾರದು. ಆಳು ನಿಂತರೂ ಗಡಿಯಾರ ನಿಲ್ಲಬಾರದು. ಉಳಿದವಕ್ಕೆ ಸಂಘದವರು ಸರದಿಯಂತೆ ಕೀಲಿ ಕೊಡುತ್ತಿದ್ದರು. ಗುರುಗಳ ಗಡಿಯಾರಕ್ಕೆ ಮಾತ್ರ ಪ್ರತಿ ಸೋಮವಾರ ಅಮ್ಮನೇ ಬಂದು ಕೀಲಿ ಕೊಡುತ್ತಿದ್ದರು. ಎರಡೂ ಕಣ್ಣಿಗೆ ಮಂಜು ಕವಿದ ಮೇಲೂ ತಪ್ಪಿಸಿರಲಿಲ್ಲ. ಗೋಡೆ ಸವರಿಕೊಂಡು ಹೋಗಿ ನಿಲ್ಲುತ್ತಿದ್ದರು. ಯಾವುದು ಅಂತ ಹುಡುಕಬೇಕಾಗಿರಲಿಲ್ಲ. ನಲವತ್ತರಲ್ಲಿ ಅದೊಂದೇ ಕುಂಟುತ್ತಿತ್ತು. ಟಿಕ್ ಅಂದ ಮೇಲೆ ಸ್ವಲ್ಪ ತಡೆದು ಟಕ್, ಆಮೇಲೆ ಕೂಡಲೇ ಟಿಕ್. ಊರಿನ ಗಡಿಯಾರಗಳನ್ನೆಲ್ಲ ನೆಟ್ಟಗೆ ನಡೆಸಿದ ಮನುಷ್ಯ ತನ್ನ ಮನೆಯದನ್ನು ಮೂವತ್ತು ವರ್ಷ ಹಾಗೇ ಬಿಟ್ಟಿದ್ದರು. ಕೇಳಿದರೆ “ಕುಂಟಿದ್ರೂ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಲ್ಲ, ನಿನಗೇನು ಕಷ್ಟ?” ಅನ್ನುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಒಂದ್ನಿಮಿಷ ಒಬ್ಬನೇ ಕೂತು ಮೈಕು ಜೋಡಿಸಿದ. ಹೆಡ್‌ಫೋನು ಹಾಕಿ ಗುಂಡಿ ಒತ್ತಿದ. ಒತ್ತಿದವನೇ ಬೆಚ್ಚಿಬಿದ್ದ. ನಲವತ್ತು ಜನ ಒಟ್ಟಿಗೆ ಕೂತು ತರಕಾರಿ ಹೆಚ್ಚುತ್ತಿರುವ ಹಾಗೆ ಕಿವಿಯ ತುಂಬ ಕಟಕಟ ಕಟಕಟ. ಮೈಕು ಅಂಗಡಿಯವಳು ಹೇಳಿದಂತೆಯೇ ಇತ್ತು, ಯಾವುದನ್ನೂ ಬಿಡುತ್ತಿರಲಿಲ್ಲ. ಅದರ ಮೇಲೆ, ಮೇಜಿನ ಪಕ್ಕದಲ್ಲೇ ತಲೆಯೆತ್ತರಕ್ಕೆ ನೇತಾಡುತ್ತಿದ್ದ ಗುರುಗಳ ಗಡಿಯಾರ ತನ್ನ ಕುಂಟು ಹೆಜ್ಜೆಯಲ್ಲಿ ಎಲ್ಲದರ ಮುಂದೆ ಬಂದು ನಿಂತಿತ್ತು. ಅವನು “ಹಲೋ, ಹಲೋ” ಅಂದ. ಅವನ ಹಲೋಗಿಂತ ಅದರದ್ದೇ ಜೋರು. ಇನ್ನೊಂದು ಸಲ ರೆಕಾರ್ಡ್ ಮಾಡಿದ, ಮೈಕು ಸರಿಸಿ ಮತ್ತೊಂದು ಸಲ. ಹಳೆಯದನ್ನು ಅಳಿಸುವುದು, ಹೊಸದನ್ನು ಕೇಳುವುದು, ಹಲ್ಲು ಕಡಿಯುವುದು. ಕಡೆಯ ಸಲಕ್ಕೆ ಅವನಿಗೆ ರೇಗಿಹೋಯಿತು. ಗುಂಡಿ ಒತ್ತಿದ್ದಾಗಲೇ ಬಾಯಿಂದ ಬಂದುಬಿಟ್ಟಿತು:

“ಥೂ! ಬದುಕಿದ್ದಾಗ ಒಂದಿನ ನನ್ನ ಮಾತು ಮುಗಿಸೋಕೆ ಬಿಡಲಿಲ್ಲ ಈ ಮುದುಕ. ಸತ್ತ ಮೇಲಾದ್ರೂ ಬಾಯಿ ಮುಚ್ಚಬಾರದಾ!”

ಈಗ ಮೈಕನ್ನು ಎತ್ತಿಕೊಂಡು ಅಂಗಡಿಗೆ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಏಳು ದಿನದಲ್ಲಿ ಒಂದೇ ಕಳೆದಿತ್ತು. ಆದರೆ ಹೋದರೆ ಅವಳ ಮುಂದೆ ತಲೆ ತಗ್ಗಿಸಬೇಕು, ಸಭೆಯಲ್ಲಿ ‘ತಪ್ಪಾಯ್ತು’ ಅನ್ನಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ನಂಬಿದವನು ಅವನು. ಅದಕ್ಕಿಂತ ಸುಲಭದ ದಾರಿ ಕಣ್ಣೆದುರಿಗೇ ಇತ್ತು. ಗಡಿಯಾರಗಳನ್ನು ನಿಲ್ಲಿಸಿದರಾಯಿತು. ಒಂದು ಗಂಟೆ ನಿಲ್ಲಿಸುವುದು, ಆಮೇಲೆ ಮತ್ತೆ ನಡೆಸುವುದು. ಯಾರಿಗೆ ಗೊತ್ತಾಗುತ್ತದೆ?

ಎತ್ತರದವಕ್ಕೆ ಸ್ಟೂಲು ಹತ್ತಿ, ಒಂದೊಂದೇ ಲೋಲಕ ಹಿಡಿದು ನಿಲ್ಲಿಸುತ್ತ ಬಂದ. ಗುರುಗಳ ಗಡಿಯಾರದ ಮುಂದೆ ಕೈ ಒಮ್ಮೆ ತಡೆಯಿತು. ಕೆಲಸಕ್ಕೆ ಸೇರಿದ ಮೊದಲ ವಾರವೇ ಗುರುಗಳು ಕಲಿಸಿದ್ದರು: ವರ್ಷಗಟ್ಟಲೆ ನಡೆಯುತ್ತಿರುವ ಹಳೇ ಗಡಿಯಾರವನ್ನು ಸುಮ್ಮಸುಮ್ಮನೆ ನಿಲ್ಲಿಸಬೇಡ, ಒಳಗಿನ ಎಣ್ಣೆ ಅಂಟಾಗಿರುತ್ತದೆ, ನಡೆಯುವ ತನಕ ನಡೆಯುತ್ತದೆ, ಒಮ್ಮೆ ನಿಂತರೆ ಏಳುವುದಿಲ್ಲ. ಅವನು ಇದನ್ನು ಎಷ್ಟೋ ಗಿರಾಕಿಗಳಿಗೆ ಹೇಳಿ ಗದರಿಸಿದ್ದವನು. ಆದರೂ ನಿಲ್ಲಿಸಿದ.

ಮೈಕು ಪರೀಕ್ಷೆ ಚೆನ್ನಾಗಿಯೇ ಆಯಿತು. ಆಮೇಲೆ ಮೂವತ್ತೊಂಬತ್ತು ಗಡಿಯಾರಗಳು ನಡೆದವು. ನಲವತ್ತನೆಯದು ನಡೆಯಲಿಲ್ಲ. ಲೋಲಕ ತಳ್ಳಿದರೆ ಇಪ್ಪತ್ತು ಸಲ ಆಡಿ ಸುಮ್ಮನಾಗುತ್ತಿತ್ತು. ಮತ್ತೆ ತಳ್ಳಿದ, ಮತ್ತೆ ನಿಂತಿತು. ಶನಿವಾರ, ಭಾನುವಾರ ಸಂಘಕ್ಕೆ ಬೀಗ. ಗಡಿಯಾರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕಳ್ಳನ ಹಾಗೆ ಕಂಕುಳಲ್ಲಿಟ್ಟುಕೊಂಡು ತನ್ನ ಅಂಗಡಿಗೆ ತಂದ.

ಬಿಚ್ಚಿ ನೋಡಿದರೆ ಗುರುಗಳು ಹೇಳಿದ್ದೇ. ಎಣ್ಣೆ ಕಪ್ಪಗೆ ಗೋಂದಾಗಿತ್ತು. ಒಂದೊಂದೇ ಚಕ್ರ ತೆಗೆದು ತೊಳೆದ, ಸವೆದ ತೂತುಗಳನ್ನು ಸರಿಮಾಡಿದ, ಹೊಸ ಎಣ್ಣೆ ಬಿಟ್ಟ, ಜೋಡಿಸಿದ, ಲೋಲಕ ಸಿಕ್ಕಿಸಿದ. ಎಲ್ಲ ರಿಪೇರಿಯ ಕೊನೆಯಲ್ಲಿ ಮಾಡುವ ಕೆಲಸವೊಂದಿದೆ: ಲೋಲಕಕ್ಕೆ ತಗಲುವ ಸಣ್ಣ ತಂತಿಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಎರಡೂ ಕಡೆ ಹೆಜ್ಜೆ ಸಮ ಬರುವಂತೆ ಮಾಡುವುದು. ನಲವತ್ತು ವರ್ಷದಿಂದ ಮಾಡಿದ ಕೈ, ಅವನನ್ನು ಕೇಳದೆಯೇ ಅದನ್ನೂ ಮಾಡಿಬಿಟ್ಟಿತು. ಗಡಿಯಾರ ನಡೆಯಿತು. ಟಿಕ್ ಟಕ್, ಟಿಕ್ ಟಕ್, ಕವಾಯತಿನ ಹೆಜ್ಜೆ. ಅಬ್ಬಾ ಅಂತ ನಕ್ಕ ಅವನ ನಗು ಅರ್ಧಕ್ಕೇ ನಿಂತಿತು. ಕುಂಟು ಹೋಗಿತ್ತು.

ಭಾನುವಾರವೆಲ್ಲ ಆ ಕುಂಟನ್ನು ವಾಪಸು ತರಲು ಒದ್ದಾಡಿದ. ಸರಿಮಾಡುವುದನ್ನು ಕಲಿಸಿದ್ದ ಗುರುಗಳು ಕೆಡಿಸುವುದನ್ನು ಕಲಿಸಿರಲಿಲ್ಲ. ತಂತಿ ಬಗ್ಗಿಸಿದರೆ ಕುಂಟು ಬರುತ್ತಿತ್ತು, ಆದರೆ ಅದು ಆ ಕುಂಟಲ್ಲ. ಹೋಲಿಸಿ ನೋಡಲು ಮೂಲ ಸದ್ದು ಬೇಕಲ್ಲ? ಆಗ ನೆನಪಾಯಿತು, ಶುಕ್ರವಾರ ಗಡಿಯಾರ ನಿಲ್ಲಿಸುವ ಮೊದಲು ಮಾಡಿದ ರೆಕಾರ್ಡಿಂಗುಗಳಲ್ಲಿ ಕಡೆಯದೊಂದನ್ನು ಅಳಿಸಿರಲಿಲ್ಲ. ಆತುರದಿಂದ ಹೆಡ್‌ಫೋನು ಹಾಕಿದ.

ಮೊದಲು ಅವನ ಧ್ವನಿಯೇ ಬಂತು. ‘ಥೂ!’ ಯಿಂದ ‘ಬಾಯಿ ಮುಚ್ಚಬಾರದಾ’ ತನಕ, ಒಂಬತ್ತು ಸೆಕೆಂಡು. ಅವನ ಮಾತಿನ ಹಿಂದೆಯೇ, ಪಾಪ, ಗುರುಗಳ ಗಡಿಯಾರ ಕುಂಟುತ್ತ ನಡೆಯುತ್ತಿತ್ತು. ಬೈಗುಳ ಮುಗಿದ ಮೇಲೆ ಆರು ಸೆಕೆಂಡು ಬರೀ ಗಡಿಯಾರ. ಆಮೇಲೆ ಗುಂಡಿಯ ಸದ್ದು. ಮೂವತ್ತು ವರ್ಷ ಮನೆಯಲ್ಲಿ, ಒಂಬತ್ತು ವರ್ಷ ಗೋಡೆಯ ಮೇಲೆ ನಡೆದ ನಡಿಗೆಯಲ್ಲಿ ಜಗತ್ತಿನಲ್ಲಿ ಉಳಿದಿದ್ದದ್ದು ಅಷ್ಟೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಗಾದೆ ಕಟ್ಟಿದವರು ಈ ಮೈಕನ್ನು ನೋಡಿರಲಿಲ್ಲ. ಇಲ್ಲಿ ಮುತ್ತು ಒಡೆದದ್ದು ನಿಜ, ಮಾತು ಮಾತ್ರ ಹೋಗಿರಲಿಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ; ಈಗ ತಾನೇ ಕೂತು ಎಣಿಸಿದ್ದು ಕಿವಿಯಾರೆ ಕೇಳಿದ್ದ. ಆದರೂ ಅಳಿಸಲಾಗಲಿಲ್ಲ. ಸಂಜೆಯಾಗುವ ಮೊದಲು ಗಡಿಯಾರವನ್ನು, ತಾನೇ ಮಾಡಿದ ಖೋಟಾ ಕುಂಟು ಸಮೇತ, ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಸಂಘದ ಬಾಗಿಲು ತೆಗೆದು ಗೋಡೆಗೆ ನೇತುಹಾಕಿ ಬಂದ.

ಸೋಮವಾರ ಅಮ್ಮ ಬರುವ ಹೊತ್ತಿಗೆ ಅವನು ಸಂಘದಲ್ಲೇ ಇದ್ದ, ಏನೋ ಕಾಗದ ಹುಡುಕುವ ನೆಪದಲ್ಲಿ. ಅಮ್ಮ ಗೋಡೆ ಸವರಿಕೊಂಡು ಬಂದರು. ಯಾವತ್ತೂ ತಡವರಿಸದವರು ಇವತ್ತು ಎರಡು ಗಡಿಯಾರ ದಾಟಿ ಮುಂದೆ ಹೋಗಿ, ವಾಪಸು ಬಂದು, ಪೆಟ್ಟಿಗೆಯ ಅಂಚು ಮುಟ್ಟಿ ಗುರುತು ಹಿಡಿದರು. ಕೀಲಿ ಕೊಟ್ಟರು. ಕಿವಿಯನ್ನು ಗಾಜಿಗೆ ತಾಗಿಸಿ ನಿಂತರು.

“ಏನೋ ಬೇರೆ ಥರ ಕೇಳ್ತಿದೆಯಲ್ಲೋ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನು ಎದ್ದು ನಿಂತುಬಿಟ್ಟ. “ಇಲ್ಲಮ್ಮ. ಅದೇ ಸದ್ದು. ಯಾವತ್ತಿನ ಹಾಗೇ ಇದೆ.”

“ಹೌದಾ? ನಿನಗೆ ಹಾಗೇ ಕೇಳ್ತಿದೆಯಾ?”

“ಹಾಗೇ ಇದೆ ಅಮ್ಮ.”

ಅಮ್ಮ ಕಿರುಬೆರಳು ಕಿವಿಯೊಳಗಿಟ್ಟು ಅಲ್ಲಾಡಿಸಿದರು. ಮತ್ತೊಮ್ಮೆ ಕೇಳಿದರು. “ನೀನು ಹೇಳಿದ ಮೇಲೆ ಸರಿ ಬಿಡು. ಇದರಲ್ಲಿ ನಿನ್ನ ಕಿವಿಗಿಂತ ಒಳ್ಳೇ ಕಿವಿ ಯಾರದ್ದಿದೆ?” ಅಂದು ಹೊರಟರು. ಬೀಸೋ ದೊಣ್ಣೆ ತಪ್ಪಿತು ಅಂತ ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಕೊನೆಯ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು.

ಮಂಗಳವಾರ ಮೈಕನ್ನು ಅಂಗಡಿಗೆ ಒಯ್ದ. “ರೂಮಲ್ಲಿ ಸ್ವಲ್ಪ ಸದ್ದಿದೆಯಮ್ಮ, ನಂಗೇ ಗೊತ್ತಿರಲಿಲ್ಲ,” ಅಂದ. ಅವಳು ಹಂಗಿಸದೆ ಡೈನಮಿಕ್ ಕೊಟ್ಟಳು. ಸಂಘದವರೂ ಏನೂ ಅನ್ನಲಿಲ್ಲ. ಇಷ್ಟು ಸುಲಭವಿತ್ತಲ್ಲ, ಇದಕ್ಕೋಸ್ಕರ ನಾನು ಏನು ಮಾಡಿಬಿಟ್ಟೆ ಅಂತ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಯಾರಾದರೂ ನಾಲ್ಕು ಬಿಗಿದಿದ್ದರೆ ಹಗುರವಾಗುತ್ತಿತ್ತು.

ಗುರುವಾರ ಹನ್ನೊಂದು ಗಂಟೆಗೆ ಅಮ್ಮ ಮೈಕಿನ ಮುಂದೆ ಕೂತರು. ಅಧ್ಯಕ್ಷರು ಪ್ರಶ್ನೆ ಕೇಳುವವರು, ಒಂದ್ನಿಮಿಷ ಹೆಡ್‌ಫೋನು ಹಾಕಿ ಗುಂಡಿ ನೋಡಿಕೊಳ್ಳುವವನು. ಹೊಸ ಮೈಕು ಅಮ್ಮನ ಬಾಯಿಗೆ ಒಂದು ಗೇಣು ದೂರದಲ್ಲಿತ್ತು. ನಲವತ್ತು ಗಡಿಯಾರಗಳು ನಡೆಯುತ್ತಲೇ ಇದ್ದವು. ಅಮ್ಮನ ಮಾತಿನ ಹಿಂದೆ ದೂರದ ಪಿಸುಗುಟ್ಟಿನಷ್ಟು ಮಾತ್ರ ಕೇಳುತ್ತಿದ್ದವು. ಅಮ್ಮ ಚೆನ್ನಾಗಿ ಮಾತಾಡಿದರು. ಗುರುಗಳ ಸಿಟ್ಟು, ಗುರುಗಳ ಮರೆವು, ಊಟದ ತಟ್ಟೆಯಲ್ಲಿ ಸಿಕ್ಕ ಸ್ಕ್ರೂ. ಅಧ್ಯಕ್ಷರು ನಕ್ಕು ನಕ್ಕು ಮುಂದಿನ ಪ್ರಶ್ನೆ ಮರೆತರು. ನೆನಪಾದಾಗ ಕೇಳಿದರು:

“ಅವರ ಗಡಿಯಾರ ಇಲ್ಲೇ ಇದೆಯಲ್ಲ, ಅದರ ಬಗ್ಗೆ ಹೇಳಿ ಅಮ್ಮ.”

“ಏನು ಹೇಳಲಪ್ಪ. ಮದುವೆಯಾಗಿ ಎಷ್ಟೋ ವರ್ಷ ಅವರು ನನ್ನ ಹತ್ರ ಹತ್ತು ಮಾತು ನೆಟ್ಟಗೆ ಆಡಿದವರಲ್ಲ. ಅದೊಂದು ಗಡಿಯಾರ ಮಾತ್ರ ಮನೇಲಿ ಮಾತಾಡ್ತಿತ್ತು. ಸೋಮವಾರ ಇಲ್ಲಿಗೆ ಬರ್ತೀನಲ್ಲ, ಕೀಲಿ ಕೊಡೋದು ಒಂದು ನೆಪ. ಕೇಳಿಸ್ಕೊಂಡು ಹೋಗೋಕೇ ಬರೋದು.” ಅಮ್ಮ ನಕ್ಕರು. “ಈ ಸೋಮವಾರ ಮಾತ್ರ ನಂಗೆ ಸಿಗಲಿಲ್ಲ. ಇಲ್ಲೇ ಇದ್ದ ಇವನು ‘ಅದೇ ಸದ್ದಮ್ಮ’ ಅಂದ. ನಂಗೇ ಕೇಳ್ತಿಲ್ಲ. ಕಣ್ಣು ಹೋಗಿ ಆಯ್ತು, ಇನ್ನು ಕಿವೀನೂ ಹೊರಟಿದೆ ಅಂತ ಕಾಣುತ್ತೆ. ಮಗಳಿಗೆ ಹೇಳಿದೆ, ಮುಂದಿನ ವಾರದಿಂದ ಕೀಲಿ ಕೊಡೋಕೆ ಬೇರೆ ಯಾರಿಗಾದ್ರೂ ಹೇಳಿಬಿಡು ಅಂತ. ಕೇಳದೇ ಇರೋದನ್ನ ಕೇಳೋಕೆ ಅಷ್ಟು ದೂರ ಯಾಕೆ ಬರಲಿ?”

ಒಂದ್ನಿಮಿಷ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಹೆಡ್‌ಫೋನು ತೆಗೆದ.

“ಅಮ್ಮ, ನಿಮ್ಮ ಕಿವಿ ಸರಿಯಾಗೇ ಇದೆ. ನಾನು ಸುಳ್ಳು ಹೇಳಿದೆ.”

ಅಧ್ಯಕ್ಷರ ಕಿವಿ ಮಂದವೇ ಹೊರತು ಬುದ್ಧಿ ಚುರುಕು. ಟೀ ಹೇಳಿ ಬರುತ್ತೇನೆ ಅಂತ ಎದ್ದು ಹೊರಗೆ ಹೋದರು.

ಅವನು ಎಲ್ಲವನ್ನೂ ಹೇಳಿದ. ಮೈಕು ತಪ್ಪಾಗಿ ಆರಿಸಿದ್ದು, ಜಂಬ ಬಿಡಲಾರದೆ ಗಡಿಯಾರ ನಿಲ್ಲಿಸಿದ್ದು, ಬಿಚ್ಚಿದ್ದು, ಕೈ ತಾನಾಗಿ ಸರಿಮಾಡಿದ್ದು, ಖೋಟಾ ಕುಂಟು. ಅಮ್ಮ ತಲೆ ಬಗ್ಗಿಸಿ ಕೇಳಿದರು.

“ಮೂರು ದಿನ ಎಷ್ಟು ಹೆದರಿದ್ದೀನಿ ಗೊತ್ತೇನೋ ನಿಂಗೆ?” ಅಂದರು. “ಮನೇಲಿ ನಲ್ಲಿ ಬಿಟ್ಟು ಕೇಳಿ ನೋಡ್ತಿದ್ದೆ. ಚಮಚ ಬೀಳಿಸಿ ಕೇಳಿ ನೋಡ್ತಿದ್ದೆ.”

“ತಪ್ಪಾಯ್ತಮ್ಮ.”

“ಅದು ಮತ್ತೆ ಬರಲ್ಲ, ಅಲ್ವಾ?”

ಬರಲ್ಲ ಅಂದು ಸುಮ್ಮನಾಗಬಹುದಿತ್ತು. ಅಮ್ಮ ನಂಬುತ್ತಿದ್ದರು, ಅವನನ್ನು ಅವರು ಯಾವಾಗಲೂ ನಂಬಿದವರೇ.

“ಒಂದು ಕಡೆ ಇದೆ. ಆದರೆ ಅದರ ಮೇಲೆ ನನ್ನ ಮಾತಿದೆ ಅಮ್ಮ. ಒಳ್ಳೇ ಮಾತಲ್ಲ. ಗುರುಗಳಿಗೆ ಅಂದಿದ್ದು.”

“ಹಾಕು.”

ಹೆಡ್‌ಫೋನನ್ನು ಅವನೇ ಅಮ್ಮನ ಕಿವಿಗಿಟ್ಟ. ಗುಂಡಿ ಒತ್ತಿ ಬೇರೆ ಕಡೆ ತಿರುಗಬೇಕು ಅಂದುಕೊಂಡ, ಆಗಲಿಲ್ಲ. ಅಮ್ಮನ ಹುಬ್ಬು ಒಮ್ಮೆ ಗಂಟಿಕ್ಕಿತು. ಅವನ ‘ಥೂ’ ಬಂದಿರಬೇಕು. ಆಮೇಲೆ ಅವರ ಬಲಗೈ ಬೆರಳು ಮೇಜಿನ ಮೇಲೆ ತಟ್ಟತೊಡಗಿತು, ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಹದಿನೈದು ಸೆಕೆಂಡು ಮುಗಿದಾಗ ಬೆರಳು ನಿಂತಿತು. ಅಮ್ಮ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ನನ್ನ ಫೋನಿಗೆ ಹಾಕ್ಕೊಡು.”

“ನನ್ನ ಮಾತು ಕತ್ತರಿಸಿ, ಕೊನೇ ಆರು ಸೆಕೆಂಡು ಹಾಕ್ತೀನಮ್ಮ. ಅದರಲ್ಲಿ ಬರೀ ಗಡಿಯಾರ ಇದೆ.”

“ನೀನು ಬೈತಿರೋವಾಗ್ಲೂ ಹಿಂದೆ ಅದು ನಡೀತಾನೇ ಇದೆಯಲ್ಲ?”

“ಇದೆ.”

“ಎಷ್ಟು ಹೊತ್ತು?”

“ಒಂಬತ್ತು ಸೆಕೆಂಡು.”

“ಮತ್ತೆ? ಇರೋದೇ ಹದಿನೈದು, ಅದರಲ್ಲಿ ಒಂಬತ್ತು ಯಾಕೆ ಕಳ್ಕೊಳ್ಳಲಿ? ನಿನ್ನ ಮಾತು ಇದ್ರೆ ಇರಲಿ. ಹಾಕು.”

ಅವನು ಏನನ್ನೂ ಕತ್ತರಿಸದೆ ಕಳಿಸಿದ. ಅಮ್ಮ ಅಲ್ಲೇ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದು, ಮೂರು ಸಲ ಕೇಳಿದರು. ಎದುರು ಕೂತವನಿಗೂ ಕೇಳುವಷ್ಟು ಜೋರಾಗಿತ್ತು. ಮೂರು ಸಲವೂ ಮೊದಲು ಬಂದದ್ದು ಅವನ ಧ್ವನಿಯೇ.